ಎಂಟರ್ ಒತ್ತಿದವರ ಹೆಸರು

ರಾಧಾಮಣಿಯ ಕಂಪ್ಯೂಟರ್ ಅಂಗಡಿ ಈಗ ಮಧುಗಿರಿ ಕೋರ್ಟಿನ ಎದುರು, ದಾಸಮ್ಮನ ಇಡ್ಲಿ ಹೋಟೆಲಿನ ಹಿಂದೆ, ಶೀಟು ಹೊದಿಸಿದ ಒಂದು ಕೋಣೆಯಲ್ಲಿದೆ. ಮೊದಲು ಅದು ವೃಷಭೇಂದ್ರಪ್ಪನವರ ಕಾಂಪ್ಲೆಕ್ಸಿನಲ್ಲಿ, ರಸ್ತೆಗೆ ಮುಖ ಮಾಡಿದ ಮಳಿಗೆಯಲ್ಲಿತ್ತು. ಮುಂದಿದ್ದದ್ದು ಹಿಂದಕ್ಕೆ ಹೋಯಿತಲ್ಲ ಪಾಪ ಎಂದು ಮರುಗುವವರು ಊರಲ್ಲಿದ್ದಾರೆ. ಆ ಮರುಕವನ್ನು ಅವರವರ ಮನೆಗೇ ಕೊಂಡೊಯ್ಯಲಿ. ಅಂಗಡಿ ಹಿಂದಕ್ಕೆ ಹೇಗೆ ಹೋಯಿತು ಎಂಬುದನ್ನು ನಾನೇ ಹೇಳಬೇಕು, ಯಾಕೆಂದರೆ ಅದು ಶುರುವಾದದ್ದು ನನ್ನ ನಾಲಿಗೆಯಿಂದ.

ನಾನು ಸಂಜೀವಯ್ಯ. ಕೋರ್ಟಿನ ಕಾಂಪೌಂಡಿನ ಹೊರಗೆ ಹೊಂಗೆ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂತು ನಲವತ್ತೊಂದು ವರ್ಷವಾಯಿತು. ಅಫಿಡವಿಟ್ಟು, ತಕರಾರು ಅರ್ಜಿ, ಪಾಲುಪಟ್ಟಿ, ಏನು ಬೇಕಾದರೂ ಹೊಡೆದುಕೊಡುತ್ತೇನೆ. ನಮ್ಮ ಕಡೆಯ ಕಾಗದಗಳಲ್ಲಿ ಯಾರೂ ಒಂಟಿಯಾಗಿ ಬರುವುದಿಲ್ಲ. ಹೆಸರಾದ ಮೇಲೆ 'ಬಿನ್' ಎಂದು ಹಾಕಿ ಅಪ್ಪನ ಹೆಸರು ಬರಬೇಕು. ಮದುವೆಯಾದ ಹೆಂಗಸಾದರೆ 'ಕೋಂ' ಎಂದು ಹಾಕಿ ಗಂಡನ ಹೆಸರು ಬರಬೇಕು. ನನ್ನ ಬೆರಳುಗಳಿಗೆ ಇದು ಎಷ್ಟು ಅಭ್ಯಾಸವಾಗಿದೆಯೆಂದರೆ ಹೆಂಗಸಿನ ಹೆಸರು ಹೊಡೆದ ತಕ್ಷಣ ಅವು ತಾವಾಗಿಯೇ 'ಕೋಂ' ಕಡೆಗೆ ಹೋಗುತ್ತವೆ.

ಇನ್ನೊಂದು ಸಂಗತಿಯನ್ನೂ ಈ ಕೆಲಸ ನನಗೆ ಕಲಿಸಿದೆ. ಕಾರ್ಬನ್ ಹಾಳೆ ಏನನ್ನೂ ಮರೆಯುವುದಿಲ್ಲ. ಬಳಸಿ ಬಿಸಾಡಿದ ಕಾರ್ಬನ್ನನ್ನು ಬಿಸಿಲಿಗೆ ಹಿಡಿದರೆ ಯಾರು ಯಾರನ್ನು ಬಿಟ್ಟರು, ಯಾರು ಯಾರಿಗೆ ಹೊಡೆದರು, ಎಲ್ಲವನ್ನೂ ಓದಬಹುದು. ಹಾಗಾಗಿ ದಿನದ ಕಾರ್ಬನ್ನನ್ನು ಸಾಯಂಕಾಲ ದಾಸಮ್ಮನ ಒಲೆಗೆ ಹಾಕದೆ ನಾನು ಮನೆಗೆ ಹೋದವನಲ್ಲ. ರಾಧಾಮಣಿಯ ಕಸುಬು ಮೊದಲ ದಿನವೇ ನನಗೆ ಅರ್ಥವಾಗಿದ್ದು ಈ ಕಾರಣಕ್ಕೆ. ಬೇರೆಯವರಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು.

ಅವಳು ಶಿರಾ ತಾಲ್ಲೂಕು ಬರಗೂರಿನ ಕಡೆಯವಳು. ಅಪ್ಪ ಓಬಳಯ್ಯ ಹೈಸ್ಕೂಲಿನಲ್ಲಿ ಗಂಟೆ ಹೊಡೆಯುವ ಅಟೆಂಡರ್. ಮನೆಯ ಗೋಡೆಯ ಮೇಲೆ ಬುದ್ಧನ ಒಂದು ಚಿತ್ರ, ಕೆಳಗೆ ಮಗಳ ಡಿಪ್ಲೊಮಾ ಸರ್ಟಿಫಿಕೇಟು, ಎರಡಕ್ಕೂ ಒಂದೇ ಅಳತೆಯ ಕಟ್ಟು ಹಾಕಿಸಿದ್ದಾನೆ ಪುಣ್ಯಾತ್ಮ. ಡಿಪ್ಲೊಮಾ ಮುಗಿಸಿದ ಹುಡುಗಿ ತುಮಕೂರಿನ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಕೆಲಸಕ್ಕೆ ಸೇರಿದಳು. ಆ ಅಂಗಡಿ ಈಗ ಇಲ್ಲ, ಹೆಸರು ಬೇಡ.

ಅಲ್ಲಿ ಮಧ್ಯಾಹ್ನ ಊಟವಾದ ಮೇಲೆ ಹುಡುಗರೆಲ್ಲ ಒಂದು ಕಂಪ್ಯೂಟರಿನ ಸುತ್ತ ಕೂರುತ್ತಿದ್ದರಂತೆ. ರಿಪೇರಿಗೆ ಬಂದ ಲ್ಯಾಪ್‌ಟಾಪುಗಳಿಂದ ಜನರ ಮನೆಯ ಫೋಟೊ, ವಿಡಿಯೊ ಎತ್ತಿಟ್ಟುಕೊಂಡು ನೋಡುವ ಚಟ. ಮಾಲೀಕನೂ ಅವರ ಜೊತೆಗೇ. ಇವಳು ತಪ್ಪು ಎಂದದ್ದಕ್ಕೆ ಅವನು ಹಲ್ಲು ಕಿರಿದು, "ಡಿಲೀಟ್ ಮಾಡಿದ್ರು ಕಣಮ್ಮ ಅವ್ರು, ನಾವು ವಾಪಸ್ ತಂದಿದೀವಿ ಅಷ್ಟೇ," ಎಂದನಂತೆ.

ಅವನು ಹೇಳಿದ್ದು ನಿಜವೇ. ನಾವು ಡಿಲೀಟ್ ಎಂದು ಒತ್ತಿದರೆ ಕಾಗದ ಎಲ್ಲಿದೆ ಎಂದು ಬರೆದಿಟ್ಟ ಪಟ್ಟಿಯ ಸಾಲು ಹೋಗುತ್ತದೆ, ಕಾಗದ ಅಲ್ಲೇ ಬಿದ್ದಿರುತ್ತದೆ. ಫಾರ್ಮ್ಯಾಟ್ ಮಾಡಿದೆ ಎಂದು ಬೀಗುವವರದ್ದೂ ಹೆಚ್ಚುಕಡಿಮೆ ಅದೇ ಕತೆ. ಪೂರ್ತಿ ಹೋಗಬೇಕಾದರೆ ಡಿಸ್ಕಿನ ತಲೆಯಿಂದ ಬುಡದವರೆಗೂ ಒಂದು ಚೂರೂ ಬಿಡದೆ ಮೇಲೆ ಬೇರೆ ಬರೆಯಬೇಕು. ಕಂಪ್ಯೂಟರ್ ತನ್ನ ಡಿಸ್ಕಿನಿಂದಲೇ ಎದ್ದಿರುವಾಗ ಆ ಡಿಸ್ಕನ್ನೇ ಹಾಗೆ ಮಾಡಲಾಗುವುದಿಲ್ಲ, ಕೂತ ಕೊಂಬೆಯನ್ನು ಕಡಿದಂತೆ. ಅದಕ್ಕೆ ರಾಧಾಮಣಿಯ ಬಳಿ ಒಂದು ಪೆನ್‌ಡ್ರೈವ್ ಇದೆ. ಅದನ್ನು ಸಿಕ್ಕಿಸಿ ಆನ್ ಮಾಡಿದರೆ ಕಂಪ್ಯೂಟರ್ ಆ ಪೆನ್‌ಡ್ರೈವಿನಿಂದಲೇ ಏಳುತ್ತದೆ. ಕಪ್ಪು ಪರದೆ, ಬಿಳಿ ಅಕ್ಷರ, ಡಿಸ್ಕುಗಳ ಪಟ್ಟಿ. ಯಾವುದು ಹೋಗಬೇಕೋ ಅದನ್ನು ಆರಿಸಿ ಎಂಟರ್ ಒತ್ತಿದರೆ ಎಲ್ಲದರ ಮೇಲೂ ಸೊನ್ನೆ ಬರೆಯುತ್ತಾ ಹೋಗುತ್ತದೆ. ಚಿಪ್ಪಿನ ಹೊಸ ಡಿಸ್ಕುಗಳಿಗೆ ಈ ದಾರಿ ಸಾಲದು, ಅದಕ್ಕೆ ಬೇರೆ ಆಜ್ಞೆ ಇದೆ ಎನ್ನುತ್ತಾಳೆ. ಅದು ನನ್ನ ತಲೆಗೆ ಹೋಗಿಲ್ಲ.

ಒಂದು ಶನಿವಾರ ಮಧ್ಯಾಹ್ನ ಹುಡುಗರೆಲ್ಲ ಊಟಕ್ಕೆ ಹೊರಗೆ ಹೋದಾಗ ಅವಳು ಆ ಕಂಪ್ಯೂಟರಿಗೆ ಈ ಪೆನ್‌ಡ್ರೈವ್ ಸಿಕ್ಕಿಸಿದಳು. ಎಂಟರ್ ಒತ್ತಿ, ಅದರ ಎದುರಿಗೇ ಕೂತು ಡಬ್ಬಿ ಬಿಚ್ಚಿ ಮುದ್ದೆ ಉಂಡಳು. ಮಾಲೀಕ ಬರುವ ಹೊತ್ತಿಗೆ ನಲವತ್ತು ಪರ್ಸೆಂಟ್ ಆಗಿತ್ತು. "ನಾನೇ ಮಾಡಿದ್ದು. ಮಿಕ್ಕಿದ್ದು ಸಂಜೆಗೆ ಮುಗೀತದೆ," ಎಂದು ಹೇಳಿ ಕೈ ತೊಳೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಆಗ ಅವಳಿಗೆ ಇಪ್ಪತ್ಮೂರು ವರ್ಷ.

ಮಧುಗಿರಿಗೆ ಬಂದು ಮಳಿಗೆ ಕೇಳಿದಾಗ ವೃಷಭೇಂದ್ರಪ್ಪನವರು ಅವಳನ್ನು ಮೇಲಿಂದ ಕೆಳಗೆ ನೋಡಿ, "ನೀವು ಯಾವ ಪೈಕಿ?" ಎಂದಿದ್ದರು. ಜಾತಿ ಕೇಳುವ ಮರ್ಯಾದಸ್ಥ ದಾರಿ ಅದು. "ರಿಪೇರಿ ಪೈಕಿ," ಎಂದಳು. ಪಕ್ಕದಲ್ಲೇ ಇದ್ದ ನನಗೆ ನಗು ತಡೆಯಲಾಗಲಿಲ್ಲ. ಆ ಮಳಿಗೆಗೆ ಮಧ್ಯಾಹ್ನದ ಮೇಲೆ ಬೆಟ್ಟದ ಬಂಡೆಯ ಕಾವು ನೇರವಾಗಿ ಹೊಡೆಯುತ್ತಿತ್ತು, ಎರಡು ವರ್ಷದಿಂದ ಯಾರೂ ಬಂದಿರಲಿಲ್ಲ. ಹಾಗಾಗಿ ರಿಪೇರಿ ಪೈಕಿಗೇ ಕೊಟ್ಟರು.

ಅವಳ ಅಂಗಡಿಗೆ ಒಂದು ಕಟ್ಟಳೆ ಇತ್ತು. ಡಿಸ್ಕು ಯಾರದೋ ಅವರೇ ಬಂದು ಸ್ಟೂಲಿನ ಮೇಲೆ ಕೂತು ತಮ್ಮ ಬೆರಳಿನಿಂದಲೇ ಎಂಟರ್ ಒತ್ತಬೇಕು. ನೂರು ಪರ್ಸೆಂಟ್ ಆಗುವವರೆಗೂ ಅಲ್ಲೇ ಕೂತಿರಬೇಕು. ಆಮೇಲೆ ಒಂದು ಸರ್ಟಿಫಿಕೇಟು ಕೊಡುತ್ತಿದ್ದಳು. ಡಿಸ್ಕಿನ ನಂಬರು, ತಾರೀಖು, ಕೊನೆಯಲ್ಲಿ 'ಎಂಟರ್ ಒತ್ತಿದವರು' ಎಂದು ಒಂದು ಸಾಲು. ಇದೆಂಥ ರಗಳೆ, ನೀನೇ ಒತ್ತಿ ಕಳಿಸಬಾರದೇ ಎಂದು ಒಮ್ಮೆ ಕೇಳಿದ್ದೆ.

"ನಾನು ಅಳಿಸ್ದೆ ಅಂದ್ರೆ ಅವ್ರು ನನ್ನ ನಂಬ್ಬೇಕಾಗುತ್ತೆ ಸಂಜೀವಣ್ಣ. ಅವ್ರೇ ಅಳಿಸಿದ್ರೆ ಯಾರನ್ನೂ ನಂಬೋ ಪಾಡಿಲ್ಲ," ಎಂದಳು.

ಕೊರಟಗೆರೆಯಿಂದ ರಂಗರಾಜು ಮೇಷ್ಟ್ರು ಎಂಬ ರಿಟೈರಾದವರೊಬ್ಬರು ಒಂದು ದಿನ ಮೊಪೆಡ್ಡಿನ ಮೇಲೆ ಮಾನಿಟರನ್ನು ಮಾತ್ರ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದಿದ್ದರು. ಫೋಟೊಗಳೆಲ್ಲ ಕಾಣುತ್ತಿದ್ದದ್ದು ಇದರಲ್ಲೇ ತಾನೇ, ಇದನ್ನೇ ಒರೆಸಿಕೊಡಿ ಎಂದರು. ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ. ನನ್ನ ಕಡೆ ಒಂದು ನೋಟ ಬಿಟ್ಟು, ಮೇಷ್ಟ್ರಿಗೆ ನೀರು ಕೊಟ್ಟು, ತರಬೇಕಾದ ಪೆಟ್ಟಿಗೆಯ ಚಿತ್ರ ಬರೆದು ಕಳಿಸಿದಳು. ಮರುದಿನ ಅವರು ಪೆಟ್ಟಿಗೆ ತಂದು, ಎಂಟರ್ ಒತ್ತಿ, ಎರಡು ಗಂಟೆ ಕದಲದೆ ಕೂತು, ಸರ್ಟಿಫಿಕೇಟನ್ನು ಜೇಬಿಗೆ ಇಟ್ಟುಕೊಂಡು ಹೋದರು. ಅದರಲ್ಲಿ ಏನಿತ್ತೆಂದು ನಾವು ಯಾರೂ ಕೇಳಲಿಲ್ಲ.

ಈಗ ಆ ವಾರಕ್ಕೆ ಬರುತ್ತೇನೆ. ಶಿವರುದ್ರಮ್ಮ ಎಂಬ ಡಾಕ್ಟರು ನಮ್ಮಲ್ಲಿ ಮೂವತ್ತೈದು ವರ್ಷ ಹೆರಿಗೆ ಮಾಡಿಸಿದವರು. ವಯಸ್ಸಾಯಿತೆಂದು ಆಸ್ಪತ್ರೆಯ ಬಾಗಿಲು ಹಾಕಿ, ಅವರವರ ಕಾಗದವನ್ನು ಅವರವರ ಕೈಗೆ ಕೊಟ್ಟು, ಉಳಿದದ್ದನ್ನು ಸುಟ್ಟಿದ್ದರು. ಬಾಕಿ ಇದ್ದದ್ದು ಚೀಟಿ ಬರೆಯುವ ಮೇಜಿನ ಒಂದು ಕಂಪ್ಯೂಟರ್. ಅದನ್ನು ಹುಡುಗಿಯರ ಹಾಸ್ಟೆಲಿಗೆ ಕೊಡಬೇಕು, ಅದಕ್ಕೆ ಮುಂಚೆ ಒಳಗಿನದ್ದೆಲ್ಲ ಹೋಗಬೇಕು ಎಂದು ಸೋಮವಾರ ರಾಧಾಮಣಿಗೆ ಕಳಿಸಿದರು. ಕಣ್ಣಿನ ಪೊರೆಯ ಆಪರೇಷನ್‌ಗೆ ತುಮಕೂರಿಗೆ ಹೋಗುತ್ತಿದ್ದೇನೆ, ಗುರುವಾರ ಬಂದು ನಾನೇ ಒತ್ತುತ್ತೇನೆ ಎಂದರು. ರಾಧಾಮಣಿ ನನ್ನಿಂದ ಅರಗು ಇಸಿದುಕೊಂಡು ಪೆಟ್ಟಿಗೆಯ ಸ್ಕ್ರೂಗಳ ಮೇಲೆ ಡಾಕ್ಟರ ಎದುರಿಗೇ ಸೀಲು ಹಾಕಿದಳು.

ಮಂಗಳವಾರ ಬೆಳಗ್ಗೆ ನಾನು ದಾಸಮ್ಮನ ಹೋಟೆಲಿನಲ್ಲಿ ಕೂತು ಇಡ್ಲಿ ತಿನ್ನುತ್ತಾ, ನಮ್ಮ ರಾಧಾಮಣಿ ಎಂದರೆ ಸಾಮಾನ್ಯಳಲ್ಲ, ಡಾಕ್ಟ್ರಮ್ಮನ ಆಸ್ಪತ್ರೆಯ ಕಂಪ್ಯೂಟರನ್ನೇ ಅವಳ ಕೈಗೆ ಕೊಟ್ಟಿದ್ದಾರೆ, ಊರಿನ ಹೆಂಗಸರ ಗುಟ್ಟೆಲ್ಲ ಅದರಲ್ಲಿದೆ ಎಂದು ಕೊಚ್ಚಿಕೊಂಡೆ. ಯಾರೂ ಕೇಳಿರಲಿಲ್ಲ. ದಿನಾ ಕಾರ್ಬನ್ ಸುಡುವ ಮನುಷ್ಯ ನಾನು. ಸಾಯಂಕಾಲಕ್ಕೆ ಮಾತು ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟಿತ್ತು.

ವೃಷಭೇಂದ್ರಪ್ಪನವರು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಕಡಲೆಕಾಯಿ ಮಂಡಿಯ ಯಜಮಾನರು ಬಾಡಿಗೆದಾರರ ಅಂಗಡಿಯೊಳಗೆ ಕೂರುವವರಲ್ಲ. ನಾನು ಬಾಗಿಲ ಪಕ್ಕ ನಿಂತೆ.

"ನಮ್ಮ ಸೊಸೆ ಪ್ರಿಯಾಂಕ, ಗೊತ್ತಲ್ಲಮ್ಮ. ಪ್ರಭುದೇವನ ಹೆಂಡ್ತಿ," ಎಂದರು. "ಮದ್ವೆಗೆ ಮುಂಚೆ ಆ ಡಾಕ್ಟ್ರತ್ರ ಹೋಗಿದ್ಲು ಅಂತ ಯಾರೋ ಅಂದ್ರು. ಒಂದೇ ಒಂದು ಹೆಸ್ರು. ನೋಡಿ ಹೇಳ್ಬುಡು. ಆಮೇಲೆ ನೀನು ಏನಾರ ಅಳಿಸ್ಕೋ."

"ಜ್ವರಕ್ಕೂ ಹೋಗ್ತಾರೆ ಸಾವ್ಕಾರ್ರೆ."

"ಯಾಕೆ ಹೋಗಿದ್ಲು ಅಂತ್ಲೇ ನೋಡ್ಬೇಕಾಗಿರೋದು."

"ಅವ್ರನ್ನೇ ಕೇಳಿ."

"ಕೇಳ್ದೆ. ಹೇಳಲ್ಲ ಅಂತಾಳೆ."

"ಅಂಗಾದ್ರೆ ಮುಗೀತಲ್ಲ."

ಅವರು ಹುಬ್ಬು ಗಂಟಿಕ್ಕಿದರು. "ಮಳಿಗೆ ನಂದು ಅನ್ನೋದು ಗ್ಯಾಪ್ಕ ಇರ್ಲಿ."

"ಗೋಡೆ ನಿಮ್ದು. ಈ ಪೆಟ್ಟಿಗೇಲಿರೋದು ನಿಮ್ದಲ್ಲ," ಎಂದು ಅವಳು ಎದ್ದು ನಿಂತಳು. ಮಾತು ಮುಗಿಯಿತು ಎಂಬುದು ಅದರ ಅರ್ಥ. ಅವರು ಎದ್ದು ಹೋದರು.

ನನ್ನ ನಾಲಿಗೆಯಿಂದ ಆದದ್ದು ಎಂದು ಒಪ್ಪಿಕೊಂಡೆ. ಅವಳು ಸ್ಟೂಲನ್ನು ಗೋಡೆಗೆ ಸರಿಸಿ ಇಟ್ಟಳು. ಆಮೇಲೆ, "ಕಾರ್ಬನ್ ಒಲೆಗೆ ಹಾಕ್ದಂಗೆ ಬಾಯಿ ಹಾಕಕ್ಕಾಗಲ್ಲ ಅಲ್ವಾ ಸಂಜೀವಣ್ಣ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

"ಈಗ್ಲೇ ಒತ್ತಿಬುಡು," ಎಂದೆ. "ಡಾಕ್ಟ್ರಮ್ಮನಿಗೆ ನಾನು ಹೇಳ್ತೀನಿ. ಇಲ್ಲಾಂದ್ರೆ ಸುತ್ತಿಗೆ ತಗಂಡು ಒಡೆದಾಕು."

"ಒಡೆದ್ರೆ ಹಾಸ್ಟೆಲ್ ಮಕ್ಳಿಗೆ ಏನು ಕೊಡೋದು? ಈಗ ನಾನೊಬ್ಳೇ ಒತ್ತಿದ್ರೆ ನಾಳೆ ಅವ್ರು ಊರ ತುಂಬಾ ಏನಂತಾರೆ ಗೊತ್ತಾ? ರಾಧಾಮಣಿ ಎಲ್ಲ ನೋಡ್ಕಂಡು, ಇನ್ನೊಂದ್ರಲ್ಲಿ ಇಳಿಸ್ಕಂಡು, ಆಮೇಲೆ ಅಳಿಸಿದ್ಲು ಅಂತಾರೆ. ಆ ಹುಡುಗಿ ಜೀವಮಾನ ಪೂರ್ತಿ ಹೆದರ್ಕಂಡಿರ್ಬೇಕು. ಸೀಲು ಒಡೀದೆ, ಹತ್ತು ಜನದ ಮುಂದೆ, ಡಾಕ್ಟ್ರು ಒತ್ತಲಿ. ಆವಾಗ ಇಲ್ಲ ಅಂದ್ರೆ ಇಲ್ಲ."

ಬುಧವಾರ ಮಧ್ಯಾಹ್ನ ಅವಳ ಅಂಗಡಿಯಲ್ಲಿ ಕರೆಂಟು ಹೋಯಿತು. ಅಕ್ಕಪಕ್ಕದ ಮಳಿಗೆಗಳಲ್ಲಿ ಫ್ಯಾನು ತಿರುಗುತ್ತಿತ್ತು. ಮೀಟರ್ ಬೋರ್ಡ್ ನೋಡಿದರೆ ಅವಳ ಮಳಿಗೆಯ ಫ್ಯೂಸ್ ಕಿತ್ತುಕೊಂಡು ಹೋಗಿದ್ದರು, ಬೋರ್ಡಿಗೆ ಹೊಸ ಬೀಗ ಬಿದ್ದಿತ್ತು. ಯಜಮಾನರಿಗೆ ಯಾರೋ ಬುದ್ಧಿ ಹೇಳಿಕೊಟ್ಟಿದ್ದರು. ಇನ್ನೂರೈವತ್ತು ಜಿಬಿಯ ಹಳೇ ಡಿಸ್ಕು ಪೂರ್ತಿ ಅಳಿಯಲು ಒಂದು ಗಂಟೆಯ ಮೇಲೆ ಬೇಕು, ಅಷ್ಟು ಹೊತ್ತೂ ಕರೆಂಟು ಬೇಕು. ಅವಳ ಬ್ಯಾಟರಿ ಇಪ್ಪತ್ತು ನಿಮಿಷದ್ದು. ರಾಧಾಮಣಿ ಪೆಟ್ಟಿಗೆಯನ್ನು ಸ್ಕೂಟಿಯ ಮುಂದೆ ಇಟ್ಟುಕೊಂಡು ಮನೆಗೆ ಒಯ್ದಳು. ಹೊರಡುವಾಗ, "ಸಂಜೀವಣ್ಣ, ನಾಳೆ ನಿಮ್ಮ ಮೇಜು ಬೇಕು," ಎಂದಳು. ನನ್ನದೂ ಯಜಮಾನರ ಕಾಂಪ್ಲೆಕ್ಸಿನ ನೆರಳೇ. ಟೈಪ್‌ರೈಟರನ್ನು ದಿನಾ ಇಟ್ಟು ಹೋಗುವುದು ಅವರ ಮೆಟ್ಟಿಲ ಕೆಳಗಿನ ಗೂಡಿನಲ್ಲಿ. ಆದರೂ ಆಗಲಿ ಎಂದೆ. ಇನ್ನೇನು ಹೇಳಲು ನನಗೆ ಮುಖವಿತ್ತು?

ಗುರುವಾರ ಕೋರ್ಟಿನ ದಿನ. ಹತ್ತು ಗಂಟೆಗೇ ಹೊಂಗೆ ಮರದ ಕೆಳಗೆ ಕಕ್ಷಿದಾರರ ಗುಂಪು. ನನ್ನ ಟೈಪ್‌ರೈಟರನ್ನು ನೆಲಕ್ಕೆ ಇಳಿಸಿ ಮೇಜಿನ ಮೇಲೆ ಮಾನಿಟರ್, ಕೀಬೋರ್ಡ್, ಅರಗಿನ ಸೀಲಿನ ಆ ಪೆಟ್ಟಿಗೆ ಇಟ್ಟಳು. ದಾಸಮ್ಮನ ಹೋಟೆಲಿನಿಂದ ಮರದ ಬುಡದವರೆಗೂ ವೈರ್ ಎಳೆದೆವು. ಹತ್ತೂವರೆಗೆ ಶಿವರುದ್ರಮ್ಮ ಡಾಕ್ಟರು ಕಪ್ಪು ಕನ್ನಡಕ ಹಾಕಿಕೊಂಡು ಆಟೋದಲ್ಲಿ ಇಳಿದರು. ನಡೆದದ್ದನ್ನು ಕೇಳಿಸಿಕೊಂಡು ನನ್ನ ಕುರ್ಚಿಯಲ್ಲಿ ಕೂತು, ಬೆರಳಾಡಿಸಿ ನಾಲ್ಕೂ ಸೀಲು ನೋಡಿದರು.

"ಒಡೆದಿಲ್ಲ," ಎಂದರು, ಎಲ್ಲರಿಗೂ ಕೇಳುವಂತೆ.

ರಾಧಾಮಣಿ ಪೆನ್‌ಡ್ರೈವ್ ಸಿಕ್ಕಿಸಿ ಆನ್ ಮಾಡುವ ಹೊತ್ತಿಗೆ ಯಜಮಾನರ ಕಾರು ಬಂತು. ವೃಷಭೇಂದ್ರಪ್ಪ ಇಳಿದರು. ಅವರ ಹಿಂದೆ ತುಮಕೂರಿನಿಂದ ಕರೆಸಿದ ನವೀನ್ ಕುಮಾರ್ ಎಂಬ ಕಂಪ್ಯೂಟರಿನವನು. ಆಮೇಲೆ ಪ್ರಿಯಾಂಕ. ಮದುವೆಗೆ ಮುಂಚೆ ತವರೂರು ಪಾವಗಡದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಹುಡುಗಿ. ಅವಳ ಎದುರಿಗೇ ತೆಗೆಸಿ ಓದಿಸಬೇಕು ಎಂದು ಕರೆತಂದಿದ್ದರು. ಗಂಡ ಪ್ರಭುದೇವ್ ಕಾರಿನಿಂದ ಇಳಿಯಲಿಲ್ಲ. ಗಾಜು ಏರಿಸಿಕೊಂಡು ಸ್ಟಿಯರಿಂಗ್ ಹಿಡಿದು ಕೂತಿದ್ದ.

"ಡಾಕ್ಟ್ರೆ, ಈ ಪೆಟ್ಟಿಗೆನ ನಾನು ಕೊಂಡ್ಕತೀನಿ. ಹಾಸ್ಟೆಲ್ಲಿಗೆ ಹತ್ತು ಹೊಸ ಕಂಪ್ಯೂಟ್ರು ಕೊಡಿಸ್ತೀನಿ," ಎಂದರು ಯಜಮಾನರು.

ಡಾಕ್ಟರು ಕನ್ನಡಕದ ಮುಖವನ್ನು ದನಿಯ ಕಡೆಗೆ ತಿರುಗಿಸಿದರು. "ವೃಷಭೇಂದ್ರಪ್ಪ, ನಿನ್ನ ಮಗನ್ನ ಈ ಲೋಕಕ್ಕೆ ಎಳೆದು ಹಾಕಿದ್ದು ಇದೇ ಕೈ. ಆವತ್ತು ರಾತ್ರಿ ನಿನ್ನ ಹೆಂಡತಿ ನನ್ನ ಕೈ ಹಿಡ್ಕೊಂಡು ಏನೇನು ಹೇಳಿ ಅತ್ತಳು ಅನ್ನೋದು ನನಗೆ ನೆನಪಿದೆ. ಇಲ್ಲಿ ಓದ್ಲಾ?"

ಯಜಮಾನರು ಕಾರಿನ ಕಡೆಗೊಮ್ಮೆ ತಿರುಗಿ ನೋಡಿದರು.

"ಓದಲ್ಲ. ನಿನ್ನ ಸೊಸೇದೂ ಓದಲ್ಲ," ಎಂದು ಡಾಕ್ಟರು ಕೀಬೋರ್ಡಿಗೆ ಕೈ ಚಾಚಿದರು. ಬೆರಳು ಎಲ್ಲೆಲ್ಲೋ ಹೋಯಿತು. "ಕೀಲಿ ಕಾಣ್ತಿಲ್ಲ ರಾಧಾಮಣಿ. ಎಲ್ಲಿದೆ, ತೋರ್ಸು."

ರಾಧಾಮಣಿ ಡಾಕ್ಟರ ಬೆರಳು ಹಿಡಿಯಲು ಬಗ್ಗಿದಳು. ಅಷ್ಟರಲ್ಲಿ ಪ್ರಿಯಾಂಕ ಮುಂದೆ ಬಂದಳು. ಯಾರೂ ಅವಳನ್ನು ಕರೆದಿರಲಿಲ್ಲ.

"ನಾನು ಒತ್ತಬೋದಾ?" ಎಂದು ಕೇಳಿದಳು.

ರಾಧಾಮಣಿ ನೆಟ್ಟಗೆ ನಿಂತು ಅವಳ ಮುಖ ನೋಡಿದಳು. "ಇದ್ರಲ್ಲಿ ನಿಮ್ಮ ಹೆಸರಿದೆಯಾ?"

"ಇದೆ."

ರಾಧಾಮಣಿ ಡಾಕ್ಟರ ಕಡೆ ತಿರುಗಿದಳು. ಡಾಕ್ಟರು, "ನಾನು ಬರೆದಿಟ್ಕೊಂಡೋಳು ಅಷ್ಟೇ. ಇದು ಇವರದ್ದೇ," ಎಂದು ಕುರ್ಚಿ ಹಿಂದಕ್ಕೆ ಸರಿಸಿದರು.

"ಅಂಗಾದ್ರೆ ಒತ್ತಿ," ಎಂದಳು ರಾಧಾಮಣಿ.

"ಪ್ರಿಯಾಂಕ," ಎಂದು ಮಾವ ಗದರಿದರು. ಅವಳು ಹಿಂದೆ ನೋಡಲಿಲ್ಲ. ತೋರುಬೆರಳಿನಲ್ಲಿ, ಮೆತ್ತಗಲ್ಲ, ಗಟ್ಟಿಯಾಗಿ ಒತ್ತಿದಳು. ಕಪ್ಪು ಪರದೆಯ ಮೇಲೆ ಸೊನ್ನೆ ಪರ್ಸೆಂಟ್ ಎಂದು ಬಂತು. ಸ್ವಲ್ಪ ಹೊತ್ತಿಗೆ ಒಂದಾಯಿತು.

ನವೀನ್ ಕುಮಾರ್ ಯಜಮಾನರ ಕಿವಿಯ ಹತ್ತಿರ ಬಗ್ಗಿ, "ಈಗ್ಲೇ ಪ್ಲಗ್ ಕಿತ್ರೆ ಉಳಿದಿದ್ದು ಹುಡುಕ್ಬೋದು ಸಾರ್. ಲೇಟಾದ್ರೆ ಏನೂ ಇರಲ್ಲ," ಎಂದ. ಪಿಸುಗುಟ್ಟಿದೆ ಎಂದುಕೊಂಡಿದ್ದ, ಎಲ್ಲರಿಗೂ ಕೇಳಿಸಿತು. ಯಜಮಾನರು ವೈರಿನ ಜಾಡು ಹಿಡಿದು ಹೋಟೆಲಿನ ಕಡೆ ಹೊರಟರು. ಅಲ್ಲಿ ದಾಸಮ್ಮ ಪ್ಲಗ್ಗಿನ ಮುಂದೆ ಮಣೆ ಹಾಕಿಕೊಂಡು ಕಾಲು ಚಾಚಿ ಕೂತಿದ್ದಳು, ಮಡಿಲಲ್ಲಿ ಸೊಪ್ಪಿನ ಮೊರ.

"ಜರುಗು," ಎಂದರು.

"ಸೊಪ್ಪು ಸೋಸ್ತಾ ಇವ್ನಿ ಸಾವ್ಕಾರ್ರೆ. ಮುಗೀಲಿ, ಎದ್ದೇಳ್ತೀನಿ."

"ಏನ್ಲಾ ಸಂಜೀವ, ನೀನೂನಾ ಇದ್ರಲ್ಲಿ?" ಎಂದು ನನ್ನ ಕಡೆ ತಿರುಗಿದರು. ವೈರು ತುಳಿದು ಕೀಳಲು ಬಿಡಬಾರದೆಂದು ನಾನು ಅದರ ಪಕ್ಕವೇ ನಿಂತಿದ್ದೆ.

"ನನ್ನ ಬಾಯಿಂದ ಶುರುವಾಗಿದ್ದು. ನನ್ನ ಮೇಜಿನ ಮೇಲೇ ಮುಗೀಲಿ ಬುಡಿ," ಎಂದೆ. ನಲವತ್ತೊಂದು ವರ್ಷದಲ್ಲಿ ಅವರ ಎದುರು ನಾನು ಆಡಿದ ಮೊದಲ ಗಟ್ಟಿ ಮಾತು ಅದು.

ಸುತ್ತಲೂ ವಕೀಲರು, ಅವರ ಗುಮಾಸ್ತರು, ಪೊಲೀಸಿನವರು, ಹಳ್ಳಿಯವರು ನೋಡುತ್ತಿದ್ದರು. ಅಷ್ಟು ಜನರ ಮುಂದೆ ಸೊಪ್ಪು ಸೋಸುವ ಹೆಂಗಸನ್ನು ಎಳೆದು ಹಾಕಲು ಯಜಮಾನರಿಗೆ ಆಗಲಿಲ್ಲ. ಅವರು ವಾಪಸ್ ಬಂದು ರಾಧಾಮಣಿಗೆ, "ಶನಿವಾರದೊಳಗೆ ಮಳಿಗೆ ಖಾಲಿ ಮಾಡು," ಎಂದರು.

"ಖಾಲಿ ಮಾಡೋದೇ ನನ್ನ ಕೆಲ್ಸ ಸಾವ್ಕಾರ್ರೆ," ಎಂದಳು ಅವಳು, ಪರದೆಯಿಂದ ಕಣ್ಣು ಕೀಳದೆ.

"ನಮ್ ಹಿಂದ್ಗಡೆ ಕೋಣೆ ಐತೆ ಕಣಮ್ಮ, ಬಂದ್ಬುಡು," ಎಂದು ದಾಸಮ್ಮ ಕೂತಲ್ಲಿಂದಲೇ ಕೂಗಿದಳು. ನನ್ನ ಟೈಪ್‌ರೈಟರಿಗೂ ಅಲ್ಲೇ ಒಂದು ಮೂಲೆ ಎಂದು ಆಮೇಲೆ ತೀರ್ಮಾನವಾಯಿತು.

ಒಂದು ಗಂಟೆ ಹತ್ತು ನಿಮಿಷ ಹಾಗೆಯೇ ಕೂತೆವು. ರಾಧಾಮಣಿ ಹಾಕಿಕೊಟ್ಟ ಸ್ಟೂಲು ಬಿಟ್ಟು ಪ್ರಿಯಾಂಕ ಏಳಲಿಲ್ಲ. ನಾಗಲಮಡಿಕೆಯಿಂದ ಜಮೀನಿನ ಕೇಸಿಗೆ ಬಂದಿದ್ದ ಒಬ್ಬ ಮುದುಕಿಗೆ ಏನು ನಡೆಯುತ್ತಿದೆ ಎಂದು ಯಾರೋ ವಿವರಿಸಿದರು. ಅವಳಿಗೆ ಪೂರ್ತಿ ತಿಳಿಯಿತೋ ಇಲ್ಲವೋ, ಎಲೆ ಅಡಿಕೆ ಚೀಲ ಬಿಚ್ಚಿಕೊಂಡು ಪ್ರಿಯಾಂಕಳ ಪಕ್ಕದಲ್ಲೇ ನೆಲಕ್ಕೆ ಕೂತು ಬಿಟ್ಟಳು. ಗಳಿಗೆಗೊಮ್ಮೆ, "ಎಂತ ಅಯ್ಯಿಂದಮ್ಮಾ?" ಎನ್ನುವಳು, ಎಷ್ಟಾಯಿತಮ್ಮಾ ಎಂದು.

"ಅರವೈ, ಅವ್ವ," ಎಂದು ರಾಧಾಮಣಿ ತನಗೆ ಬರುವಷ್ಟು ತೆಲುಗಿನಲ್ಲಿ ಹೇಳುವಳು. ಅರವತ್ತಾಯಿತು, ಎಪ್ಪತ್ತಾಯಿತು. ಎಂಬತ್ತಕ್ಕೆ ಬಂದಾಗ ಕಾರಿನ ಗಾಜು ಅರ್ಧ ಇಳಿಯಿತು, ಮತ್ತೆ ಏರಿತು. ನವೀನ್ ಕುಮಾರ್ ಯಜಮಾನರಿಗೆ ತಲೆಯಾಡಿಸಿ ತೋರಿಸಿ, ತುಮಕೂರಿನ ಬಸ್ಸು ಹಿಡಿಯಲು ಹೋದ.

ನೂರು ಎಂದು ಬಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ರಾಧಾಮಣಿ ಅಲ್ಲಿಗೆ ಬಿಡಲಿಲ್ಲ. ಡಿಸ್ಕಿನಲ್ಲಿ ಅಲ್ಲೊಂದು ಇಲ್ಲೊಂದು ಕಡೆ ತೆರೆದು, ಸೊನ್ನೆಗಳ ಸಾಲು ಬಿಟ್ಟು ಬೇರೇನೂ ಇಲ್ಲವೆಂದು ಡಾಕ್ಟರಿಗೆ ಓದಿ ಹೇಳಿದಳು, ಪ್ರಿಯಾಂಕಳಿಗೆ ತೋರಿಸಿದಳು, ವೃಷಭೇಂದ್ರಪ್ಪನವರಿಗೂ ಪರದೆ ತಿರುಗಿಸಿ ತೋರಿಸಿದಳು. "ನೋಡ್ಬೇಕು ಅಂತಿದ್ರಲ್ಲ ಸಾವ್ಕಾರ್ರೆ. ನೋಡ್ಕಳಿ."

ಅವರು ಪರದೆ ನೋಡಲಿಲ್ಲ, ಸೊಸೆಯನ್ನು ನೋಡಿದರು. ದನಿ ಇಳಿದಿತ್ತು. "ಏನಿತ್ತಮ್ಮ ಅದ್ರಲ್ಲಿ? ಈಗ್ಲಾದ್ರೂ ಹೇಳು."

"ಏನೂ ಇಲ್ದೆ ಇರ್ಬೋದು ಮಾವ. ಏನಾದ್ರೂ ಇರ್ಬೋದು," ಎಂದಳು ಪ್ರಿಯಾಂಕ. "ಮನೇಲಿ ಕೇಳಿದ್ರಿ, ಹೇಳ್ಲಿಲ್ಲ. ಇಲ್ಲೂ ಹೇಳಲ್ಲ."

ಅಫಿಡವಿಟ್ಟಿಗೆಂದು ನನ್ನ ಮೇಜಿನ ಮುಂದೆ ಕೂತು ತಮ್ಮ ಬಾಳನ್ನೆಲ್ಲ ಬಿಚ್ಚಿ ಹೇಳಿ ಸಣ್ಣಗಾಗಿ ಎದ್ದು ಹೋದ ಹೆಂಗಸರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಹೇಳುವುದಿಲ್ಲ ಎಂದು ಕೂತವಳನ್ನು ನೋಡಿದ್ದು ಅಂದೇ.

ಸರ್ಟಿಫಿಕೇಟು ಬಾಕಿ ಇತ್ತು. ಪ್ರಿಂಟರ್ ಕರೆಂಟಿಲ್ಲದ ಮಳಿಗೆಯಲ್ಲಿತ್ತು. "ಸಂಜೀವಣ್ಣ, ನೀವೇ ಹೊಡೀರಿ," ಎಂದಳು ರಾಧಾಮಣಿ. ಟೈಪ್‌ರೈಟರನ್ನು ಮತ್ತೆ ಮೇಜಿಗೆ ಏರಿಸಿ, ಎರಡು ಹಾಳೆಯ ನಡುವೆ ಹೊಸ ಕಾರ್ಬನ್ ಇಟ್ಟು ಸೇರಿಸಿದೆ. ಡಿಸ್ಕಿನ ನಂಬರು ಅವಳು ಓದಿದಳು, ನಾನು ಹೊಡೆದೆ. ತಾರೀಖು, ಸ್ಥಳ. ಎಂಟರ್ ಒತ್ತಿದವರು ಎಂಬ ಸಾಲಿಗೆ ಬಂದು 'ಪ್ರಿಯಾಂಕ' ಎಂದು ಹೊಡೆದೆ. ಬೆರಳು ತಾನಾಗಿಯೇ ಮುಂದೆ ಹೋಗಿ 'ಕೋಂ' ಎಂದೂ ಹೊಡೆಯಿತು.

"ಅಲ್ಲೇ ನಿಲ್ಸಿ," ಎಂದಳು ಪ್ರಿಯಾಂಕ. ನನ್ನ ಹೆಗಲ ಮೇಲಿಂದ ಹಾಳೆ ನೋಡುತ್ತಿದ್ದಳು. "ಒತ್ತಿದ್ದು ನಾನೊಬ್ಳೇ ಅಲ್ವಾ?"

"ಹೌದಮ್ಮ. ಆದ್ರೆ ಕಾಗದ ಅಂದ್ಮೇಲೆ..."

"ಯಾರೂ ಜೊತೆಗಿರ್ಲಿಲ್ಲ. ನನ್ನ ಹೆಸರೊಂದೇ ಇರ್ಲಿ."

ನಾನು ರಾಧಾಮಣಿಯ ಮುಖ ನೋಡಿದೆ. "ಅವ್ರು ಹೇಳ್ದಂಗೆ," ಎಂದಳು. ಟೈಪ್‌ರೈಟರಿನಲ್ಲಿ ಹೊಡೆದದ್ದನ್ನು ಅಳಿಸಲಾಗುವುದಿಲ್ಲ. ಹಾಳೆ, ಕಾರ್ಬನ್ನು ಎರಡನ್ನೂ ಎಳೆದು ತೆಗೆದು, ಹೊಸದು ಸೇರಿಸಿ, ಮೊದಲಿಂದ ಹೊಡೆದೆ. ಕೊನೆಯ ಸಾಲಿನಲ್ಲಿ 'ಪ್ರಿಯಾಂಕ' ಎಂದು ಹೊಡೆದು ಎರಡೂ ಕೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡೆ, ಬೆರಳಿನ ಮೇಲೆ ನಂಬಿಕೆಯಿರಲಿಲ್ಲ.

ಅವಳು ಸರ್ಟಿಫಿಕೇಟು ತೆಗೆದುಕೊಂಡಳು. ಎರಡೂ ಕಾರ್ಬನ್ನನ್ನು, ಕೆಟ್ಟ ಹಾಳೆಗಳನ್ನೂ ಕೇಳಿ ಇಸಿದುಕೊಂಡು, ದಾಸಮ್ಮನ ಒಲೆಯ ಹತ್ತಿರ ಹೋಗಿ ತಾನೇ ಹಾಕಿ, ಪೂರ್ತಿ ಉರಿಯುವವರೆಗೂ ನಿಂತು ನೋಡಿದಳು. ಆಮೇಲೆ ಕಾರು ಹತ್ತದೆ, ಅದರ ಪಕ್ಕದಲ್ಲೇ ಹಾದು ಪಾವಗಡದ ಬಸ್ಸಿಗೆ ಹೋದಳು. ಪ್ರಭುದೇವ್ ಆಮೇಲೆ ಎರಡು ಮೂರು ಸಲ ಪಾವಗಡಕ್ಕೆ ಹೋಗಿ ಬಂದನಂತೆ. ಏನಾಯಿತೆಂದು ನಾನು ಕೇಳಿಲ್ಲ. ನಾಲಿಗೆಗೆ ಈಗ ಸ್ವಲ್ಪ ಬುದ್ಧಿ ಬಂದಿದೆ.

ಸರ್ಟಿಫಿಕೇಟಿನ ಪ್ರತಿ ರಾಧಾಮಣಿಯ ಫೈಲಿನಲ್ಲಿದೆ, ದಾಸಮ್ಮನ ಹಿಂದಿನ ಕೋಣೆಯ ಗೂಡಿನಲ್ಲಿ. ನಾನು ಆಗಾಗ ತೆಗೆದು ನೋಡುತ್ತೇನೆ. ಇಷ್ಟು ವರ್ಷದಲ್ಲಿ ಒಬ್ಬ ಹೆಂಗಸಿನ ಹೆಸರನ್ನು ಹೊಡೆದು ಅಲ್ಲಿಗೇ ನಿಲ್ಲಿಸಿದ್ದು ಅದೊಂದೇ ಸಲ. ಹೆಸರಿನ ಪಕ್ಕದ ಜಾಗ ಹಾಗೆಯೇ ಬಿಳಿಯಾಗಿದೆ, ನೋಡಲು ಚೆನ್ನಾಗಿಯೇ ಇದೆ.